ಓಡಿಸಿ ನೋಡಿದ್ದೇನೆ

ಜನವರಿ 9

ಅಪ್ಪನಿಗೆ,

ಫೋನ್ ಮಾಡಿದರೆ ನೀವು "ಹಾಂ, ಊಟ ಆಯ್ತು" ಅನ್ನುತ್ತೀರಿ. ನಾನು ಕೇಳಿದ್ದು ಊಟದ ವಿಷಯವೇ ಆಗಿರುವುದಿಲ್ಲ. ಮೂವತ್ತೈದು ವರ್ಷ ಸೈಲೆನ್ಸರ್‌ಗಳ ಪಕ್ಕ ಕೂತ ಕಿವಿಯನ್ನು ಈಗ ಬೈದು ಏನು ಪ್ರಯೋಜನ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ, ಈ ಕಾಲದಲ್ಲಿ ಅಂಚೆ ಚೀಟಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಇದರ ಹಿಂದೆಯೇ ಲಾರಿ ಆಫೀಸಿಗೆ ನಿಮ್ಮ ಹೆಸರಿಗೆ ಒಂದು ರಟ್ಟಿನ ಪೆಟ್ಟಿಗೆ ಬರುತ್ತದೆ. ಒಳಗೆ ನಮ್ಮ ಕಾರ್ಖಾನೆಯ ಹೊಸ ಬೈಕ್ ಆಯಿಲ್, ಆರು ಡಬ್ಬ. ಒಂದು ಡಬ್ಬ ಕೈಗೆ ತೆಗೆದುಕೊಂಡು ಹಿಂದಕ್ಕೆ ತಿರುಗಿಸಿ, ಕೆಳಗಿನಿಂದ ಮೂರನೆಯ ಸಾಲು ಓದಿ: "ಬೈಕಿನ ಕ್ಲಚ್ಚಿಗೆ ಬೇಕಾದ ಎಲ್ಲ ಮಾನದಂಡಗಳನ್ನೂ ಪೂರೈಸುತ್ತದೆ." ಅದು ನಾನು ಬರೆದದ್ದು. ಲೇಬಲ್ ವಿಭಾಗಕ್ಕೆ ಸೇರಿ ಎರಡು ವರ್ಷವಾದ ಮೇಲೆ ನನ್ನದೇ ಒಂದು ವಾಕ್ಯ ಅಚ್ಚಾಗಿದೆ. ಮೊದಲು ಉದ್ದ ಇತ್ತು, ಡಬ್ಬದ ಅಗಲಕ್ಕೆ ಕೂರಲಿಲ್ಲ. ಕತ್ತರಿಸಿ ಒಂದು ಸಾಲಿಗೆ ತಂದೆ. ಮ್ಯಾನೇಜರ್ ಕೂಡ ಚೆನ್ನಾಗಿದೆ ಅಂದರು.

ಅಂಚೆ ಮಾವನಿಗೂ ತೋರಿಸಿ. ಈ ಕಾಗದ ತಂದುಕೊಟ್ಟವರೂ ಅವರೇ ಅಲ್ಲವೇ. ಅಮ್ಮನಿಗೆ ಬೇರೆ ಬರೆಯುತ್ತೇನೆ.

ನಿಮ್ಮ
ವಾಶರ್


ಜನವರಿ 22

ವಾಶರ್,

ಪೆಟ್ಟಿಗೆ ಬಂತು. ನಿನ್ನ ವಾಕ್ಯವನ್ನು ನಾನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದೆ. ನಿನ್ನ ಅಮ್ಮ ಒಂದು ಡಬ್ಬವನ್ನು ಅಡುಗೆಮನೆಯ ಕಪಾಟಿನಲ್ಲಿ ಎದುರಿಗೆ ಕಾಣುವ ಹಾಗೆ ಇಟ್ಟಿದ್ದಾಳೆ. ಯಾರಾದರೂ ಒಗ್ಗರಣೆಗೆ ಹಾಕಿಬಿಟ್ಟಾರು ಎಂದು ನನಗೆ ಭಯ.

ನಿನಗೆ ವಾಶರ್ ಎಂದು ಹೆಸರಿಟ್ಟವರು ಅಂಚೆಯವರೇ, ನೆನಪಿದೆಯಾ? ನೀನು ರಿಪೇರಿ ಅಂಗಡಿ ತುಂಬ ಓಡಾಡುತ್ತಿದ್ದೆ, ಉರುಳಿಹೋದ ವಾಶರಿನ ಹಾಗೆ ಎಲ್ಲಿ ಕಳೆದುಹೋದೆ ಎಂದು ದಿನಕ್ಕೆ ನಾಲ್ಕು ಸಲ ಹುಡುಕಬೇಕಿತ್ತು. ನಿನ್ನ ಡಬ್ಬ ತೋರಿಸಿದರೆ ಅವರು ಕೈಯಲ್ಲಿ ಹಿಡಿದುಕೊಂಡು, "ಇದನ್ನ ಮೊದಲು ನನ್ನ ಗಾಡಿಗೇ ಹಾಕ್ಬೇಕು. ಮನೆ ಹುಡುಗಿ ಮಾತು" ಅಂದರು.

ನನ್ನ ಪದ್ಧತಿ ನಿನಗೆ ಗೊತ್ತು. ಹೊಸ ಆಯಿಲ್ ಯಾವುದೇ ಬರಲಿ, ಒಂದು ತಿಂಗಳು ನನ್ನ ಗಾಡಿಯಲ್ಲಿ ಓಡಬೇಕು, ಆಮೇಲೆ ಗಿರಾಕಿಯ ಗಾಡಿಗೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವನು ನಾನು. ಆದರೆ ಇದು ಬೇರೆಯವರ ಮಾತಲ್ಲವಲ್ಲ. ಅವತ್ತೇ ಅವರ ಗಾಡಿಯ ಹಳೆಯ ಆಯಿಲ್ ಇಳಿಸಿ ಇದನ್ನು ಹಾಕಿದೆ. ಸ್ಕ್ರೂಡ್ರೈವರ್‌ನ ತುದಿ ಎಂಜಿನ್ ಮೇಲಿಟ್ಟು ಹಿಡಿಯನ್ನು ದವಡೆಗೆ ಒತ್ತಿ ನೋಡಿದೆ. ಈಗ ನನ್ನ ಕಿವಿ ಇರುವುದು ಅಲ್ಲೇ. ಎಂಜಿನ್ ರೇಷ್ಮೆಯ ಹಾಗಿತ್ತು. ನಮ್ಮ ಬೀದಿಯಲ್ಲಿ ಎರಡು ಸುತ್ತು ಹೊಡೆದು, ಎಂದಿನಂತೆ ಹ್ಯಾಂಡಲ್ಲಿಗೆ ಚೀಟಿ ಕಟ್ಟಿದೆ: ಓಡಿಸಿ ನೋಡಿದ್ದೇನೆ.

ಚೀಟಿ ಕಟ್ಟುವಾಗ ನಗು ಬಂತು. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂದನೇ ಕ್ಲಾಸಿನಲ್ಲಿ ನೀನು ಡಿ ಅನ್ನುವುದನ್ನು ದಿ ಎಂದು ಓದಿ, "ಅಪ್ಪ ಬೈಕಿಗೆ ಓದಿಸ್ತಾರೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ನಿನ್ನ ಅಕ್ಷರ ಅಚ್ಚಿನಲ್ಲಿದೆ, ಯಾರೂ ತಪ್ಪು ಓದುವ ಹಾಗಿಲ್ಲ.

ಅಪ್ಪ

(ಅಮ್ಮ ಬರೆಯುವುದು: ಒಗ್ಗರಣೆಯ ಮಾತೆಲ್ಲ ಸುಳ್ಳು. ದಿನಾ ಡಬ್ಬ ಒರೆಸುವವರು ಇವರೇ. ಹೊತ್ತಿಗೆ ಸರಿಯಾಗಿ ಊಟ ಮಾಡು.)


ಫೆಬ್ರವರಿ 4

ಅಪ್ಪನಿಗೆ,

ನಿಮ್ಮ ಕಾಗದ ಓದಿ ಖುಷಿಯಾಯಿತು. ಅಂಚೆ ಮಾವನ ಗಾಡಿಗೇ ಮೊದಲು ಹಾಕುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ. ನಿಮ್ಮ ಗಾಡಿಗೆ ಹಾಕಿ ಒಂದು ತಿಂಗಳು ನೋಡಬಹುದಿತ್ತು. ತೊಂದರೆ ಏನೂ ಇಲ್ಲ, ಸುಮ್ಮನೆ ಹೇಳಿದೆ.

ಕ್ಲಚ್ ಹೇಗೆ ಹಿಡಿಯುತ್ತಿದೆ ಎಂದು ಅವರನ್ನು ಒಮ್ಮೆ ಕೇಳಿ ಬರೆಯಿರಿ. ನೀರಿನ ಟ್ಯಾಂಕಿನ ಏರು ಹತ್ತುವಾಗ ಹೇಗಿದೆ ಎಂದು ಬೇಕಾದರೂ ಕೇಳಿ. ಆಫೀಸಿನಲ್ಲಿ ಹೇಳಲು ಬೇಕಿತ್ತು.

ಇಲ್ಲಿ ಕೆಲಸ ಜಾಸ್ತಿ. ಇವತ್ತು ಇಷ್ಟೇ.

ನಿಮ್ಮ
ವಾಶರ್


ಮಾರ್ಚ್ 2

ಮಗಳಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಾಗಲಿಲ್ಲ.

ಅಂಚೆಯವರು ಬಿದ್ದಿದ್ದಾರೆ. ಎರಡು ವಾರ ಆಯಿತು. ಟ್ಯಾಂಕಿನ ಏರಿನಲ್ಲಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಚೀಲ ತುಂಬಿತ್ತಂತೆ. ಎಂಜಿನ್ ಕೂಗಿದೆ, ಗಾಡಿ ಮುಂದೆ ಹೋಗಿಲ್ಲ. ಹಿಂದಕ್ಕೆ ಜಾರಿ ಅವರ ಮೇಲೆಯೇ ಮಗುಚಿಕೊಂಡಿದೆ. ಎಡಗಾಲು ಎರಡು ಕಡೆ ಮುರಿದಿದೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಕಾಲಿನ ಬಗ್ಗೆ ಏನೂ ಹೇಳಲಿಲ್ಲ.

ಕ್ಲಚ್ ನಾನು ಸರಿಯಾಗಿ ಕೂರಿಸಿರಲಿಲ್ಲ. ತಪ್ಪು ನನ್ನದು. ನೀನು ತಲೆ ಕೆಡಿಸಿಕೊಳ್ಳಬೇಡ.

ಉಳಿದ ಡಬ್ಬಗಳನ್ನು ಅಟ್ಟದ ಮೇಲೆ ಇಟ್ಟಿದ್ದೇನೆ. ಇನ್ನು ಕಳಿಸಬೇಡ, ಇರುವುದೇ ಸಾಕು.

ಅಪ್ಪ


ಮಾರ್ಚ್ 17

ಮಗೂ,

ಇದನ್ನು ನಿನ್ನ ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ಅವರ ಕಾಗದ ನಾನು ಓದಿದೆ. ಅದರಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು.

ಬಿದ್ದ ದಿನವೇ ಅಂಚೆ ಆಫೀಸಿನವರು ಗಾಡಿಯನ್ನು ಅಂಗಡಿಗೆ ತಂದು ಹಾಕಿದರು. ನಿನ್ನ ಅಪ್ಪ ಅವರ ಎದುರಿಗೇ ಕ್ಲಚ್ ಬಿಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಪ್ಲೇಟುಗಳನ್ನು ಒಂದೊಂದೇ ಒರೆಸಿ ಅಳತೆ ನೋಡಿದರು. ಸವೆದಿರಲಿಲ್ಲ. ಸ್ಪ್ರಿಂಗ್ ಸರಿ ಇತ್ತು. ಆಮೇಲೆ ಒಂದು ಪ್ಲೇಟನ್ನು ಎರಡು ಬೆರಳ ನಡುವೆ ಇಟ್ಟು ಜಾರಿಸಿದರು, ಮತ್ತೆ ಜಾರಿಸಿದರು. ಮೂವತ್ತು ವರ್ಷ ಇವರ ಜೊತೆ ಬಾಳಿದ್ದೇನೆ, ಆ ಮುಖ ನಾನು ನೋಡಿರಲಿಲ್ಲ. ಬಂದವರ ಕಡೆ ತಿರುಗಿ, "ನಾನೇ ಸರಿಯಾಗಿ ಕೂರಿಸಿರಲಿಲ್ಲ ಸರ್" ಅಂದರು. ಅಲ್ಲೇ ಬರೆದು ಸಹಿ ಹಾಕಿಕೊಟ್ಟರು.

ಅಂಚೆ ಆಫೀಸಿನ ಗಾಡಿಗಳು ಇನ್ನು ನಮ್ಮಲ್ಲಿಗೆ ಬರುವುದಿಲ್ಲ. ಬೇರೆಯವರೂ ಒಬ್ಬೊಬ್ಬರೇ ದಾರಿ ಬದಲಿಸಿದ್ದಾರೆ. ಅದನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಈಗ ಇವರು ಚೀಟಿ ಕಟ್ಟುತ್ತಿಲ್ಲ. ಚೀಟಿಯ ಕಟ್ಟು, ದಾರ ಎರಡನ್ನೂ ಡ್ರಾಯರಿನಲ್ಲಿ ಹಾಕಿ ಮುಚ್ಚಿದ್ದಾರೆ. ರಿಪೇರಿಯಾದ ಗಾಡಿಯನ್ನು ತಲೆ ತಗ್ಗಿಸಿಕೊಂಡು ಕೊಟ್ಟು ಕಳಿಸುತ್ತಾರೆ.

ಆಸ್ಪತ್ರೆಗೆ ಹೋಗಿದ್ದೆ. ಅಂಚೆಯವರು ಇವರ ಮಾತು ನಂಬುವುದಿಲ್ಲ. "ಅತ್ತಿಗೆ, ಈ ಮನುಷ್ಯ ಕ್ಲಚ್ ತಪ್ಪು ಕೂರಿಸೋದಾ? ನಿದ್ದೆಗಣ್ಣಲ್ಲಿ ಕೂರಿಸಿದ್ರೂ ಸರಿಯಾಗೇ ಕೂರುತ್ತೆ" ಅಂದರು.

ನಾನು ಹೆಚ್ಚು ಓದಿದವಳಲ್ಲ. ಒಂದೇ ಮಾತು ಕೇಳುತ್ತೇನೆ. ಆ ಆಯಿಲ್‌ನಲ್ಲಿ ಏನಾದರೂ ಇತ್ತಾ? ಇಲ್ಲ ಅಂದರೆ ಇಲ್ಲ ಎಂದು ಬರಿ, ನಾನು ಸುಮ್ಮನಾಗುತ್ತೇನೆ. ಡಬ್ಬವನ್ನು ಕಪಾಟಿನಿಂದ ತೆಗೆಯಲು ಇವರು ನನ್ನನ್ನು ಬಿಟ್ಟಿಲ್ಲ.

ನಿನ್ನ
ಅಮ್ಮ


ಏಪ್ರಿಲ್ 11

ಅಪ್ಪನಿಗೆ,

ಅಮ್ಮ ಬರೆದಿದ್ದಳು. ಅವಳ ಮೇಲೆ ಸಿಟ್ಟಾಗಬೇಡಿ. ಅವಳು ಕೇಳಿದ್ದಕ್ಕೆ ಇಲ್ಲ ಎಂದು ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಕಾಗದ ಹರಿದು ಹಾಕಿದೆ.

ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ, ಆದರೂ ಬರೆಯುತ್ತೇನೆ. ಕಾರಿನ ಕ್ಲಚ್ ಒಣಗಿರುತ್ತದೆ, ಬೈಕಿನದು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್‌ಗೆ ನುಣುಪಿಗೆಂದು ಹಾಕುವ ಮದ್ದನ್ನು ಬೈಕಿನದಕ್ಕೆ ಹಾಕಿದರೆ ಎಂಜಿನ್ನಿಗೆ ಸುಖ, ಕ್ಲಚ್ ಹಿಡಿಯುವುದಿಲ್ಲ. ಅದಕ್ಕೇ ಪರೀಕ್ಷಾ ಮಂಡಳಿ ಇದೆ. ಆಯಿಲ್ ಕಳಿಸಿದರೆ ಅವರು ಕ್ಲಚ್ ಪ್ಲೇಟುಗಳ ಮೇಲೆ ಹಾಕಿ, ಸಾವಿರ ಸಲ ತಿರುಗಿಸಿ, ಸರಿ ಇದ್ದರೆ ಒಂದು ನಂಬರ್ ಕೊಡುತ್ತಾರೆ. ಅದನ್ನು ಡಬ್ಬದ ಮೇಲೆ ಸಣ್ಣ ಚೌಕದೊಳಗೆ ಅಚ್ಚು ಹಾಕಬೇಕು. ನಮ್ಮ ಡಬ್ಬದ ಮೇಲೆ ಚೌಕ ಇಲ್ಲ. ನಾವು ಕಳಿಸಿಯೇ ಇರಲಿಲ್ಲ.

ನನ್ನ ವಾಕ್ಯ ಮೊದಲು ಉದ್ದ ಇತ್ತು ಅಂದೆನಲ್ಲ. ಅದು "ಮಾನದಂಡಗಳನ್ನು ಪೂರೈಸುವ ಉದ್ದೇಶದಿಂದ ತಯಾರಿಸಲಾಗಿದೆ" ಎಂದಿತ್ತು. ಉದ್ದೇಶವನ್ನು ಕತ್ತರಿಸಿದವಳು ನಾನು. ಯಾರೂ ಹೇಳಲಿಲ್ಲ, ಒಂದು ಸಾಲಿಗೆ ಕೂರಲಿ ಎಂದು ನಾನೇ ಕತ್ತರಿಸಿದೆ. ಕತ್ತರಿಸಿ ಹೆಮ್ಮೆಪಟ್ಟೆ.

ಫೆಬ್ರವರಿಯಲ್ಲಿ ನಿಮಗೆ ಕಾಗದ ಬರೆಯುವ ಹಿಂದಿನ ದಿನ, ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳತಿ ಊಟದ ಹೊತ್ತಿಗೆ ಹೇಳಿದಳು, ಈ ಸಲ ಮದ್ದು ಬದಲಾಯಿಸಿದ್ದಾರೆ, ಕಾರಿನದನ್ನೇ ಹಾಕಿದ್ದಾರೆ ಎಂದು. ಮ್ಯಾನೇಜರ್ ಹತ್ತಿರ ಹೋದೆ.

"ನಾವೇನು ಪ್ರಮಾಣಪತ್ರ ಇದೆ ಅಂದಿದೀವಾ? ಪೂರೈಸುತ್ತೆ ಅಂದಿದೀವಿ. ಅದು ಬೇರೆ, ಇದು ಬೇರೆ," ಅಂದರು.

"ಪೂರೈಸುತ್ತೆ ಅಂತ ಯಾರು ನೋಡಿದಾರೆ ಸರ್?"

"ಪೂರೈಸಲ್ಲ ಅಂತ ಯಾರು ನೋಡಿದಾರೆ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು ಎಂದು ನನಗೆ ಗೊತ್ತಾಯಿತು. ಆ ಗೋಡೆ ಕಟ್ಟಿಕೊಟ್ಟವಳು ನಾನೇ. ನಿಮಗೆ ಅವತ್ತೇ "ಆಯಿಲ್ ಇಳಿಸಿಬಿಡಿ" ಎಂದು ಎರಡು ಪದ ಬರೆಯಬಹುದಿತ್ತು. ಬರೆಯಲಿಲ್ಲ. ಕ್ಲಚ್ ಹೇಗೆ ಹಿಡಿಯುತ್ತಿದೆ ಎಂದು ಸುತ್ತಿ ಬಳಸಿ ಕೇಳಿದೆ. ನಿಮ್ಮ ಕಣ್ಣಲ್ಲಿ ಸಣ್ಣವಳಾಗುತ್ತೇನೆ ಎಂಬ ಭಯ, ಬೇರೇನೂ ಅಲ್ಲ. ಅಂಚೆ ಮಾವನ ಕಾಲು ಮುರಿಯುವುದಕ್ಕೆ ಎರಡು ವಾರ ಮೊದಲು ನನಗೆ ಗೊತ್ತಿತ್ತು ಅಪ್ಪ.

ಈಗ ಒಂದು ಉಪಕಾರ ಮಾಡಿ. ಅಟ್ಟದ ಮೇಲಿನ ಡಬ್ಬಗಳಲ್ಲಿ ಮುಚ್ಚಳ ತೆರೆಯದ ಒಂದನ್ನು ಲಾರಿಯಲ್ಲಿ ಕಳಿಸಿ. ಕೊಂಡವರು ಯಾರೇ ಆದರೂ ಮಂಡಳಿಗೆ ಪರೀಕ್ಷೆಗೆ ಕೊಡಬಹುದಂತೆ. ನನ್ನ ಹೆಸರಿನಲ್ಲೇ ಕೊಡುತ್ತೇನೆ.

ಮಗಳು


ಏಪ್ರಿಲ್ 23

ಮಗಳಿಗೆ,

ಡಬ್ಬ ಲಾರಿಗೆ ಹಾಕಿದ್ದೇನೆ. ಅಡುಗೆಮನೆಯ ಕಪಾಟಿನದನ್ನೇ ಕಳಿಸಿದ್ದೇನೆ.

ನನಗೆ ಸಿಟ್ಟು ಬಂದಿದೆ. ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಕತ್ತರಿಸಿದ್ದಕ್ಕೆ ಅಷ್ಟಿಲ್ಲ. ಗೊತ್ತಾದ ಮೇಲೂ ನನಗೆ ಹೇಳಲಿಲ್ಲವಲ್ಲ, ಅದಕ್ಕೆ. ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ನಿನ್ನ ಅಮ್ಮ ಊಟಕ್ಕೆ ಕರೆದರೆ ಕೇಳಿಸದವನ ಹಾಗೆ ಕೂತಿದ್ದೆ. ಕಿವಿ ಹೋದವನಿಗೆ ಅದೊಂದು ಅನುಕೂಲ.

ಮೂರನೆಯ ದಿನ ಡ್ರಾಯರ್ ತೆಗೆದು ಚೀಟಿಯ ಕಟ್ಟನ್ನು ನೋಡುತ್ತಾ ಕೂತೆ. ಆಗ ತಲೆಗೆ ಹೊಳೆಯಿತು. ಇಷ್ಟು ವರ್ಷ ನಾನು ಕಟ್ಟಿದ ಚೀಟಿಗಳೆಲ್ಲ ನಿಜ, ಆ ಒಂದನ್ನು ಬಿಟ್ಟು. ಅವತ್ತು ನಾನು ಓಡಿಸಿ ನೋಡಲಿಲ್ಲ. ಓದಿ ನೋಡಿದೆ. ಸಮತಟ್ಟಾದ ಬೀದಿಯಲ್ಲಿ ಎರಡು ಸುತ್ತು, ಅಷ್ಟೇ. ಏರಿಗೆ ಹೋಗಲಿಲ್ಲ, ಒಂದು ತಿಂಗಳು ಕಾಯಲಿಲ್ಲ. ಡಬ್ಬದ ಮೇಲೆ ಚೌಕ ಇದೆಯೋ ಇಲ್ಲವೋ ಎಂದು ಹುಡುಕಲೂ ಇಲ್ಲ. ಬೇರೆ ಕಂಪನಿಯದಾಗಿದ್ದರೆ ಮೊದಲು ಹುಡುಕುತ್ತಿದ್ದದ್ದೇ ಅದನ್ನು. ನಿನ್ನ ಅಕ್ಷರ ನೋಡಿ ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು.

ಚಿಕ್ಕವಳಿದ್ದಾಗ ನೀನು ತಪ್ಪು ಓದಿದ್ದನ್ನು ಈ ವಯಸ್ಸಿನಲ್ಲಿ ನಾನು ಮಾಡಿದೆ.

ಪರೀಕ್ಷೆಗೆ ಕೊಡು. ಆದರೆ ನನ್ನನ್ನು ಉಳಿಸಲಿಕ್ಕೆ ಎಂದು ಕೊಡಬೇಡ. ಅದೇ ಆಯಿಲ್ ಹಾಕಿಕೊಂಡು ಇನ್ನೆಷ್ಟು ಜನ ಏರು ಹತ್ತುತ್ತಿದ್ದಾರೋ, ಅವರಿಗಾಗಿ ಕೊಡು.

ಅಪ್ಪ


ಜೂನ್ 3

ಅಪ್ಪನಿಗೆ,

ಮಂಡಳಿಯ ವರದಿ ಬಂತು. ಕ್ಲಚ್ ಹಿಡಿತ ಇರಬೇಕಾದ ಮಟ್ಟಕ್ಕಿಂತ ಕೆಳಗಿದೆ. ನಂಬರ್ ಕೊಡಲು ಬರುವುದಿಲ್ಲ ಎಂದು ಬರೆದಿದ್ದಾರೆ. ಒಂದೇ ಪುಟ. ಅಷ್ಟು ಸಣ್ಣ ಕಾಗದಕ್ಕೆ ಕಾರ್ಖಾನೆಯಲ್ಲಿ ನಾವು ಒಂದೂವರೆ ತಿಂಗಳು ಕಾಯಲು ಒಪ್ಪಿರಲಿಲ್ಲ.

ವರದಿಯನ್ನು ಮ್ಯಾನೇಜರ್ ಮೇಜಿನ ಮೇಲೆ ಇಟ್ಟು, ಊರಿನಲ್ಲಿ ಆದದ್ದನ್ನೂ ಹೇಳಿದೆ. ಅವರು ಓದಿ, "ಮನೆ ವಿಷಯಾನ ಆಫೀಸಿಗೆ ತಂದ್ಯಲ್ಲಮ್ಮ" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಲೇಬಲ್ ಮುಂದಿನ ಸಲ ಬದಲಾಯಿಸೋಣ, ಈಗಾಗಲೇ ಹೋಗಿರುವ ಡಬ್ಬಗಳನ್ನು ವಾಪಸ್ ಕರೆಸುವುದು ಆಗದ ಮಾತು ಅಂದರು. ಹಾಗಾದರೆ ನನಗೆ ಗೊತ್ತಿರುವುದನ್ನು ಬರೆದು ಅಂಚೆ ಆಫೀಸಿಗೂ ಮಂಡಳಿಗೂ ಕೊಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಇದನ್ನು ಕೊಟ್ಟ ಮೇಲೆ ನನಗೆ ಇಲ್ಲಿ ಕುರ್ಚಿ ಇರುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ನನ್ನ ಹೇಳಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ಐದು ವಾಕ್ಯ. ಕೊಡುವ ಮೊದಲು ನೀವು ಓದಬೇಕು. ನಾನು ಕಣ್ಣಾರೆ ಕಾಣದ್ದು, ನನಗೆ ಖಚಿತವಾಗಿ ಗೊತ್ತಿಲ್ಲದ್ದು ಒಂದು ಪದ ಇದ್ದರೂ ಹೊಡೆದುಹಾಕಿ. ಈ ಸಲ ಉದ್ದವಾದರೂ ಪರವಾಗಿಲ್ಲ, ಯಾವ ಡಬ್ಬಕ್ಕೂ ಕೂರಬೇಕಾಗಿಲ್ಲ.

ಇನ್ನೊಂದು ಮಾತು, ಹೇಳಿದರೆ ನಿಮಗೆ ನೋವಾಗಬಹುದು. ಕ್ಲಚ್ ಸರಿಯಾಗಿ ಕೂರಿಸಿರಲಿಲ್ಲ ಎಂದು ಅಂಚೆ ಆಫೀಸಿಗೆ ನೀವು ಬರೆದುಕೊಟ್ಟದ್ದೂ ಓಡಿಸಿ ನೋಡದೆ ಕಟ್ಟಿದ ಚೀಟಿಯೇ.

ಮಗಳು


ಜೂನ್ 15

ವಾಶರ್,

ನಿನ್ನ ಹೇಳಿಕೆ ಓದಿದೆ. ನಿನ್ನ ಅಮ್ಮನಿಗೂ ಓದಲು ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು, ನಾನು ಅವಳ ತುಟಿ ನೋಡುತ್ತಾ ಕೂತೆ. ಉದ್ದೇಶ ಎಂಬ ಪದವನ್ನು ಕತ್ತರಿಸಿದವಳು ನಾನು ಎಂದು ಬರೆದಿದ್ದೀಯಲ್ಲ, ಅಲ್ಲಿ ಅವಳು ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಂದೆ ಓದಿದಳು. ನನಗೂ ಕಣ್ಣು ತುಂಬಿತ್ತು. ನಿನ್ನ ಕೆಲಸ ಹೋಗುತ್ತದೆ ಎಂದು ಸಂಕಟ ಆಯಿತು. ಬೇಡ ಎಂದು ಬರೆಯೋಣ ಎಂದೂ ಒಂದು ಗಳಿಗೆ ಅನ್ನಿಸಿತು.

ನಾಲ್ಕು ವಾಕ್ಯ ಸರಿ ಇವೆ. ಐದನೆಯದನ್ನು ಹೊಡೆದುಹಾಕಿದ್ದೇನೆ. "ಇದರಲ್ಲಿ ಮೆಕ್ಯಾನಿಕ್‌ನ ತಪ್ಪು ಏನೂ ಇಲ್ಲ" ಎಂದು ಬರೆದಿದ್ದೆ. ಅದು ನೀನು ಕಂಡದ್ದಲ್ಲ, ನಿನ್ನ ಪ್ರೀತಿ ಬರೆದದ್ದು. ನಿನ್ನ ವಾಕ್ಯವನ್ನು ನಾನು ನಂಬಿದ ಹಾಗೆ ನನ್ನ ಕೆಲಸವನ್ನು ನೀನು ನಂಬಿದೆ. ಒಂದು ಮನೆಯಲ್ಲಿ ಒಂದು ಸಲ ಆದದ್ದು ಸಾಕು.

ನಿನ್ನೆ ಅಂಚೆ ಆಫೀಸಿಗೆ ಹೋಗಿ ನನ್ನ ಹೇಳಿಕೆಯನ್ನು ವಾಪಸ್ ಪಡೆದೆ. ಬದಲಿಗೆ ಬೇರೆ ಬರೆದುಕೊಟ್ಟೆ. ಕ್ಲಚ್ ಸರಿಯಾಗಿ ಕೂರಿಸಿದ್ದೆ. ಆಯಿಲ್ ಪರೀಕ್ಷಿಸದೆ ಹಾಕಿದೆ. ಏರಿನಲ್ಲಿ ಓಡಿಸಿ ನೋಡದೆ ನೋಡಿದ್ದೇನೆ ಎಂದು ಚೀಟಿ ಕಟ್ಟಿದೆ. ಅಧಿಕಾರಿ ಎರಡು ಸಲ ಓದಿ, "ಇದರಿಂದ ನಿಮಗೇನೂ ಲಾಭ ಇಲ್ವಲ್ಲ" ಅಂದರು. ಅವರ ತುಟಿ ನನಗೆ ಸರಿಯಾಗಿ ಕಂಡಿತು, ಆದರೂ ಕೇಳಿಸಲಿಲ್ಲ ಎಂದು ಬಂದುಬಿಟ್ಟೆ.

ಅಂಚೆಯವರು ಕೋಲು ಹಿಡಿದು ನಡೆಯುತ್ತಾರೆ. ಇನ್ನು ಗಾಡಿ ಹತ್ತುವ ಹಾಗಿಲ್ಲ, ಆಫೀಸಿನ ಒಳಗೆ ಕಾಗದ ವಿಂಗಡಿಸುವ ಕೆಲಸ ಕೊಟ್ಟಿದ್ದಾರೆ. ಇವತ್ತು ಅಂಗಡಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಿದ್ದರು. ನಿನ್ನ ಹೇಳಿಕೆಯನ್ನು ಅವರ ಕೈಗೆ ಕೊಟ್ಟೆ, ಮುಚ್ಚಿಡಲು ಏನಿದೆ. ಓದಿ ಮುಗಿಸಿ ಮಡಿಸಿ ವಾಪಸ್ ಕೊಟ್ಟರು. ಆಮೇಲೆ ಸ್ಲೇಟಿನ ಮೇಲೆ ನನಗೆ ಬರೆದು ತೋರಿಸಿದರು: "ಹುಡುಗಿಗೆ ಬೈದು ಬರೀಬೇಡಿ. ಕಾಲು ನನ್ನದು, ಬೈಯೋದಿದ್ರೆ ನಾನೇ ಬೈತೀನಿ. ಬಂದು ಬೈಸ್ಕೊಂಡು ಹೋಗು ಅನ್ನಿ." ನೀನು ಬರಬೇಕು. ಅವರ ಎದುರಿಗೆ ಕೂರಬೇಕು. ಅದು ಕಾಗದದಲ್ಲಿ ಆಗುವ ಕೆಲಸವಲ್ಲ.

ಅವರು ಹೋದ ಮೇಲೆ ಡ್ರಾಯರ್ ತೆಗೆದೆ. ಹೇಳಿಕೆಯ ಮೂಲೆಗೆ ತೂತು ಮಾಡಿ, ಅಂಗಡಿಯ ದಾರದಲ್ಲೇ ಒಂದು ಚೀಟಿ ಕಟ್ಟಿ ಇದರ ಜೊತೆ ಕಳಿಸುತ್ತಿದ್ದೇನೆ. ಕೊಡುವಾಗ ಬಿಚ್ಚಿ ಇಟ್ಟುಕೊ. ಅಕ್ಷರ ಅದೇ ಕಾಗೆಕಾಲು. ಆದರೆ ಈ ಸಲ ಅದು ಡಿ ಅಲ್ಲ, ದಿ. ನಿನಗೆ ಚಿಕ್ಕಂದಿನಲ್ಲಿ ಕಂಡ ಹಾಗೆಯೇ ಓದಿಕೊ.

ಅಪ್ಪ

(ಚೀಟಿಯ ಮೇಲೆ: ಓದಿ ನೋಡಿದ್ದೇನೆ.)